ತಡವಾಗುವುದೆಲ್ಲಿ ಎಂದು ಮೊದಲು ಹುಡುಕಿ: ಸೌಲಭ್ಯವಂಚಿತ ಸಮುದಾಯಗಳಲ್ಲಿ ತಾಯಿ, ಶಿಶು ಮತ್ತು ಹದಿಹರೆಯದವರ ಆರೋಗ್ಯ

ಆರೋಗ್ಯ ಸೇವೆ ಸರಿಯಾಗಿ ತಲುಪದ ಕಡೆ ಕೆಲಸಕ್ಕೆ ಇಳಿಯುವವರು ಹೆಚ್ಚಾಗಿ ಅರಿವಿನ ಸಭೆಯಿಂದ ಆರಂಭಿಸುತ್ತಾರೆ. ಸಭೆಗೆ ಬರಬಲ್ಲವರು ಬಹುಮಟ್ಟಿಗೆ ಆಸ್ಪತ್ರೆಗೂ ಹೋಗಬಲ್ಲವರೇ ಆಗಿರುತ್ತಾರೆ. ಆದ್ದರಿಂದ ಮೊದಲು ಮನೆಮನೆಗೆ ಹೋಗಿ ಗರ್ಭಿಣಿಯರ ಪಟ್ಟಿ ಮಾಡಿ, ತಪಾಸಣೆಗೆ ಒಮ್ಮೆಯೂ ಹೋಗದವರನ್ನೂ ಅರ್ಧಕ್ಕೆ ಬಿಟ್ಟವರನ್ನೂ ಬೇರೆಯಾಗಿ ಗುರುತಿಸಿಕೊಳ್ಳಿ.

ಗರ್ಭಾವಸ್ಥೆಯಲ್ಲಿ ಕನಿಷ್ಠ 8 ಬಾರಿ ತಪಾಸಣೆ ಆಗಬೇಕು, ಮೊದಲನೆಯದು 12 ವಾರಗಳೊಳಗೆ ನಡೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿತು. ಭೇಟಿಗಳ ಸಂಖ್ಯೆಯಷ್ಟೇ ಮುಖ್ಯವಾದುದು ಅಲ್ಲಿ ಏನು ನಡೆಯಿತು ಎಂಬುದು. ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೂ, ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ ಕಡಿಮೆಯಿದ್ದರೂ ಆಕೆಯನ್ನು ವೈದ್ಯರ ನಿಗಾಕ್ಕೆ ಒಳಪಡಿಸಬೇಕು.

ತಾಯಂದಿರ ಸಾವಿನ ಹಿಂದೆ ಮೂರು ಬಗೆಯ ವಿಳಂಬಗಳಿರುತ್ತವೆ: ಹೊರಡಲು ನಿರ್ಧರಿಸುವುದರಲ್ಲಿ, ಆಸ್ಪತ್ರೆ ತಲುಪುವುದರಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ. ಮೊದಲನೆಯದನ್ನು ಹೆರಿಗೆಗೆ ಬಹಳ ಮುಂಚೆಯೇ ನಿವಾರಿಸಬಹುದು. ಏಳನೆಯ ತಿಂಗಳಿನಲ್ಲೇ ಗರ್ಭಿಣಿಯೊಂದಿಗೆ ಆಕೆಯ ಪತಿಯನ್ನೂ ಮನೆಯ ಹಿರಿಯರನ್ನೂ ಕೂರಿಸಿಕೊಂಡು, ರಾತ್ರಿ ನೋವು ಬಂದರೆ ಯಾವ ವಾಹನ, ಹಣ ಎಲ್ಲಿಂದ, ಜೊತೆಗೆ ಯಾರು, ಉಳಿದ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿ ಉತ್ತರಗಳನ್ನು ಬರೆದಿಡಿ. ನಿರ್ಧಾರ ತೆಗೆದುಕೊಳ್ಳುವವರು ಊರಲ್ಲಿಲ್ಲದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದನ್ನು ಖಂಡಿತ ಕೇಳಿ. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಜ್ವರ, ಮಗುವಿನ ಚಲನೆ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ಯಾರ ಅನುಮತಿಗೂ ಕಾಯದೆ ಹೊರಡಬೇಕೆಂದು ಎಲ್ಲರೆದುರು ಒಪ್ಪಿಸಿಕೊಳ್ಳಿ. ಹೆರಿಗೆಯ ನಂತರದ ರಕ್ತಸ್ರಾವ ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಆಗ ಕುಳಿತು ಚರ್ಚಿಸಲು ಸಮಯವಿರುವುದಿಲ್ಲ.

ಹುಟ್ಟಿದ ಮಗುವನ್ನು ಒಣಬಟ್ಟೆಯಿಂದ ಒರೆಸಿ ತಾಯಿಯ ಬರಿಮೈಗೆ ತಾಗಿಸಿ ಮಲಗಿಸಬೇಕು, ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕು, ಸ್ನಾನವನ್ನು 24 ಗಂಟೆಗಳ ಕಾಲ ಮುಂದೂಡಬೇಕು. 2,500 ಗ್ರಾಂಗಿಂತ ಕಡಿಮೆ ತೂಕದ ಶಿಶುವಿಗೆ ಕಾಂಗರೂ ಆರೈಕೆ, ಅಂದರೆ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ದೀರ್ಘಕಾಲ ಅಪ್ಪಿಟ್ಟುಕೊಳ್ಳುವುದು, ಅಗತ್ಯ. ಹಾಲು ಕುಡಿಯದ, ಮೈ ತಣ್ಣಗಾದ ಅಥವಾ ಬಿಸಿಯಾದ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುವ ಮಗುವನ್ನು ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಮೊದಲ ದಿನ, ಮೂರನೆಯ ದಿನ, ಎರಡನೆಯ ವಾರ ಮತ್ತು ಆರನೆಯ ವಾರ ಮನೆಗೆ ಹೋದಾಗ ತಾಯಿಯನ್ನೂ ವಿಚಾರಿಸಿ. ಎಲ್ಲರ ಗಮನ ಮಗುವಿನ ಮೇಲಿರುವಾಗ ಆಕೆಯ ಜ್ವರವೂ ಮನಸ್ಸಿನ ಕುಗ್ಗುವಿಕೆಯೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಹದಿಹರೆಯದವರ ವಿಷಯದಲ್ಲಿ ಮಾಹಿತಿಗಿಂತ ಗೋಪ್ಯತೆಯೇ ದೊಡ್ಡದು. ಹತ್ತೊಂಬತ್ತರೊಳಗಿನ ತಾಯಂದಿರಿಗೆ ಗರ್ಭನಂಜು (ರಕ್ತದೊತ್ತಡ ಏರಿ ಫಿಟ್ಸ್ ಬರುವ ಸ್ಥಿತಿ) ಮತ್ತು ಸೋಂಕಿನ ಅಪಾಯ ಹೆಚ್ಚು. ಆದರೂ ಪರಿಚಿತರ ಮುಂದೆ ಸಾಲಿನಲ್ಲಿ ನಿಲ್ಲಬೇಕಾದ ಹುಡುಗಿ ಮುಟ್ಟಿನ ತೊಂದರೆಯನ್ನೇ ಹೇಳಿಕೊಳ್ಳಲಾರಳು, ಗರ್ಭನಿರೋಧಕದ ಬಗ್ಗೆ ಕೇಳುವುದಂತೂ ದೂರದ ಮಾತು. ಅವರಿಗಾಗಿ ಪ್ರತ್ಯೇಕ ವೇಳೆ, ಬಾಗಿಲು ಮುಚ್ಚಬಹುದಾದ ಕೋಣೆ, ಉಪದೇಶ ಮಾಡದ ಸಿಬ್ಬಂದಿ ಇರಲಿ. ಹುಡುಗರೊಂದಿಗೂ ಇದೇ ವಿಷಯಗಳನ್ನು ಮಾತನಾಡಿ. ಈಗಾಗಲೇ ತಾಯಿಯಾದವಳಿಗೆ, ಮುಂದಿನ ಗರ್ಭಧಾರಣೆಗೆ ಕನಿಷ್ಠ 24 ತಿಂಗಳ ಅಂತರವಿರಲು ಯಾವ ವಿಧಾನ ತನಗೆ ಒಪ್ಪುತ್ತದೆ ಎಂಬುದನ್ನು ಆಕೆಯೇ ಆರಿಸಿಕೊಳ್ಳಲು ಬಿಡಿ.