ಎರಡು ಕಾಲಾಳು, ಎದುರಿಗೆ ಮೂರು

ಚೆಸ್ ಟೂರ್ನಮೆಂಟ್‌ನಲ್ಲಿ ಬಿಳಿ ಕಾಯಿ ಸಿಕ್ಕರೆ ನಾನು ಆಡುವುದು ಕ್ವೀನ್ಸ್ ಗ್ಯಾಂಬಿಟ್. ಅಂದರೆ ರಾಣಿಯ ಮುಂದಿನ ಕಾಲಾಳನ್ನು ಡಿ4ಕ್ಕೆ, ಪಕ್ಕದ್ದನ್ನು ಸಿ4ಕ್ಕೆ ತಳ್ಳಿ, ಆ ಸಿ4ರದ್ದನ್ನು ತಿನ್ನು ಅಂತ ಒಡ್ಡುವ ಆರಂಭ. (ಅಕ್ಷರ ಉದ್ದ ಸಾಲು, ಅಂಕಿ ಅಡ್ಡ ಸಾಲು; ಬರೀ ಇ6 ಅಂದರೆ ಕಾಲಾಳಿನ ನಡೆ.) ಎದುರಾಳಿ ಇ6 ಆಡಿ ನಿರಾಕರಿಸಿದರೆ, ನಾಲ್ಕನೇ ನಡೆಯಲ್ಲೇ ಸಿ4ರ ಕಾಲಾಳಿನಿಂದ ಡಿ5ರದ್ದನ್ನು ಹೊಡೆದುಬಿಡುತ್ತೇನೆ. ಇದು ಎಕ್ಸ್‌ಚೇಂಜ್ ವೇರಿಯೇಷನ್. ಸಪ್ಪೆ ಅಂತ ಮೂಗು ಮುರಿಯುವವರು ಇದ್ದಾರೆ. 1927ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ಯಾಪಬ್ಲಾಂಕಾ, ಅಲೆಖಿನ್ 34 ಆಟಗಳಲ್ಲಿ 32ರಲ್ಲಿ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಅನ್ನೇ ಆಡಿದ್ದರು. ಅವರಿಗೇ ಬೇಜಾರಾಗಲಿಲ್ಲ, ನನಗ್ಯಾಕೆ?

ಬಾಯಿಪಾಠ ಇಲ್ಲಿ ಕಡಿಮೆ. ಒಂದು ಬಲೆ ಮಾತ್ರ ಗೊತ್ತಿರಬೇಕು. ಕಪ್ಪಿನ ಕುದುರೆ ಡಿ7ಕ್ಕೆ ಬಂದು, ಎಫ್8ರ ಒಂಟೆ ಇನ್ನೂ ಅಲ್ಲೇ ಇದ್ದಾಗ, ಎಫ್6ರ ಕುದುರೆ ನಿಮ್ಮ ಜಿ5ರ ಒಂಟೆಯಿಂದ ಪಿನ್ ಆಗಿದೆ (ಕದಲಿದರೆ ಹಿಂದಿನ ರಾಣಿ ಹೋಗುತ್ತದೆ) ಅಂತ ಡಿ5ರ ಕಾಲಾಳನ್ನು ಕುದುರೆಯಿಂದ ತಿನ್ನಬೇಡಿ. ಕಪ್ಪಿನವನು ತನ್ನ ರಾಣಿಯನ್ನೇ ಬಿಟ್ಟುಕೊಟ್ಟು, ಆ ಎಫ್6ರ ಕುದುರೆಯಿಂದಲೇ ನಿಮ್ಮ ಕುದುರೆಯನ್ನು ಹೊಡೆಯುತ್ತಾನೆ. ನೀವು ರಾಣಿ ತಿಂದರೆ ಬಿ4ರಲ್ಲಿ ಒಂಟೆ ಚೆಕ್. ನಿಮ್ಮ ರಾಣಿ ಅಡ್ಡ ಬರಲೇಬೇಕು, ಅದೂ ಹೋಗುತ್ತದೆ. ಕೊನೆಗೆ ಒಂದು ಕುದುರೆ ಹೋಗಿ ಒಂದು ಕಾಲಾಳು ಸಿಕ್ಕಿರುತ್ತದೆ, ಅಷ್ಟೇ.

ನಾನು ಹೀಗೆ ಆಡಿದ ಒಂದು ಆಟದಲ್ಲಿ ಎದುರಾಳಿ ಸಿ6 ಆಡಿ ಗಟ್ಟಿಯಾಗಿ ಕೂತ. ರಾಣಿ ಬದಿಯಲ್ಲಿ, ಅಂದರೆ ಎ, ಬಿ, ಸಿ ಸಾಲುಗಳಲ್ಲಿ, ಅವನಿಗೆ ಮೂರು ಕಾಲಾಳು, ನನಗೆ ಎರಡು. ಕಡಿಮೆ ಇರುವವನೇ ಮೇಲೆ ಬೀಳುವುದು, ಮೈನಾರಿಟಿ ಅಟ್ಯಾಕ್ ಅಂದರೆ ಅದೇ. ಆನೆಯನ್ನು ಬಿ1ಕ್ಕೆ ತಂದೆ. ಅವನು ಎ5, ನಾನು ಎ3, ಆಮೇಲೆ ಬಿ4. ಜಿ5ರ ಒಂಟೆ ಕೊಟ್ಟು ಎಫ್6ರ ಕುದುರೆ ತೆಗೆದೆ. ರಾಜನ ಮೇಲೆ ಏರಿ ಬರಲು ಅವನಿಗೆ ಆ ಕುದುರೆ ಬೇಕಿತ್ತು. ನಂತರ ಬಿ5. ಹೊಡೆದಾಟ ಮುಗಿದಾಗ ಸಿ6ರಲ್ಲಿ ಅವನ ಕಾಲಾಳು ಒಂಟಿ. ಕಾಯಲು ಬೇರೆ ಕಾಲಾಳೇ ಇಲ್ಲ.

ಅಲ್ಲಿಂದ ಅವಸರ ಬೇಡ. ಅವನ ರಾಣಿ ಡಿ6, ಆನೆ ಸಿ8, ಒಂಟೆ ಡಿ7, ಎಲ್ಲಾ ಆ ಒಂದು ಕಾಲಾಳಿನ ಕಾವಲಿಗೆ. ನನ್ನ ಕುದುರೆ ಎ4ರಿಂದ ಸಿ5ಕ್ಕೆ ಹೋಗಿ ಒಂಟೆಯನ್ನು ತಿಂದಿತು. ಅವನು ಎಫ್8ರ ಕುದುರೆಯಿಂದ ತಿರುಗಿ ಹೊಡೆದ. ನನ್ನ ಒಂಟೆ ಎ6ಕ್ಕೆ. ಅವನ ಆನೆ ಸಿ7ಕ್ಕೆ ಸರಿಯಿತು. ತಕ್ಷಣ ನನ್ನ ಆನೆ ಬಿ7ಕ್ಕೆ! ಆನೆಗಳ ವಿನಿಮಯವಾಗಿ ಒಂಟೆ ಬಿ7ರಲ್ಲಿ ಕೂತಿತು. ಈಗ ರಾಣಿ, ಆನೆ, ಒಂಟೆ ಮೂರೂ ಸಿ6ರ ಮೇಲೆ. ಅವನಿಗೆ ಇನ್ನೊಂದು ಆನೆ ಇ6ಕ್ಕೆ ತಂದರೂ ಲೆಕ್ಕ ಸಾಲುವುದಿಲ್ಲ. ಕಾಲಾಳು ಬಿತ್ತು. ಉಳಿದದ್ದು ಸುಮ್ನೆ ಎಂಡ್‌ಗೇಮ್ ಕೆಲಸ.

ಆಟದ ನಂತರ ಇಬ್ಬರೂ ಕೂತು ನೋಡಿದೆವು. "ಬಿ4 ಆದ ಕೂಡಲೇ ನಾನೇ ಬಿ5 ಆಡಿದ್ರೆ?" ಅಂದ. ಒಳ್ಳೇ ಪ್ರಶ್ನೆ. ನನ್ನ ದಾರಿ ಅಲ್ಲೇ ಮುಚ್ಚುತ್ತಿತ್ತು, ಅವನ ಕುದುರೆ ಬಿ6ರಿಂದ ಸಿ4ಕ್ಕೆ ಬಂದು ಕೂರುತ್ತಿತ್ತು. ನಾನು ಕಾಲಾಳನ್ನು ಇ4ಕ್ಕೆ ತಳ್ಳಿ ಮಧ್ಯವನ್ನು ಒಡೆಯಬೇಕಾಗುತ್ತಿತ್ತು. ಅದನ್ನೂ ಬೋರ್ಡ್ ಮೇಲೆ ಇಟ್ಟು ನೋಡಿದೆವು. ನನಗೇನೋ ಬಿಳಿಯೇ ಇಷ್ಟವಾಯಿತು, ಅವನು ಒಪ್ಪಲಿಲ್ಲ.