ಹಿಲಸ್ತೇರಿಯೊನ್ ಪದದ ಜಾಡು ಹಿಡಿದದ್ದು ಹೀಗೆ

ರೋಮಾಪುರದವರಿಗೆ 3:25ರಲ್ಲಿ ಅಪೊಸ್ತಲ ಪೌಲನು ಕ್ರಿಸ್ತನನ್ನು ಗ್ರೀಕಿನಲ್ಲಿ ಹಿಲಸ್ತೇರಿಯೊನ್ ಎನ್ನುತ್ತಾನೆ. ಹೊಸ ಒಡಂಬಡಿಕೆಯಲ್ಲಿ ಈ ಪದ ಮತ್ತೆ ಸಿಗುವುದು ಇಬ್ರಿಯರಿಗೆ 9:5ರಲ್ಲಿ ಮಾತ್ರ. ಎರಡೇ ಪ್ರಯೋಗ ಇಟ್ಟುಕೊಂಡು ಅರ್ಥ ಹೇಳಲು ಹೊರಟರೆ ನಮಗೆ ಬೇಕಾದ ದೈವಶಾಸ್ತ್ರವನ್ನೇ ಅದರೊಳಗೆ ತುಂಬಿಬಿಡುತ್ತೇವೆ. ಅದಕ್ಕೇ ನಾನು ಮೊದಲು ತೆರೆಯುವುದು ಸೆಪ್ಟುಅಜಿಂಟನ್ನು, ಅಂದರೆ ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದವನ್ನು. ಬೈಬಲಿನ ಮೂಲಪದಗಳಿಗೆ ಸ್ಟ್ರಾಂಗ್ಸ್ ಪದಸೂಚಿ ಕೊಟ್ಟಿರುವ ಸಂಖ್ಯೆಗಳಲ್ಲಿ ಈ ಪದದ್ದಾದ 2435 ಹಿಡಿದು ಹೋದವರು ಇಲ್ಲಿಗೆ ತಲುಪುವುದೇ ಇಲ್ಲ. ಆ ಗ್ರೀಕ್ ಸಂಖ್ಯೆಗಳು ಮೂಲತಃ ಹೊಸ ಒಡಂಬಡಿಕೆಗಾಗಿ ಮಾಡಿದವು.

ಆರಂಭ ವಿಮೋಚನಕಾಂಡ 25:17ರಿಂದ. ಮಂಜೂಷದ, ಅಂದರೆ ಒಡಂಬಡಿಕೆಯ ಪೆಟ್ಟಿಗೆಯ ಮೇಲೆ ಚೊಕ್ಕ ಬಂಗಾರದ ಮುಚ್ಚಳ, ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಎರಡು ತುದಿಯಲ್ಲೂ ರೆಕ್ಕೆಯುಳ್ಳ ಕೆರೂಬಿಗಳು. ಹೀಬ್ರೂವಿನಲ್ಲಿ ಕಪ್ಪೋರೆತ್, ಕನ್ನಡ ಸತ್ಯವೇದದಲ್ಲಿ ಕೃಪಾಸನ. ಗ್ರೀಕ್ ಅನುವಾದಕ ಇಲ್ಲಿ 'ಹಿಲಸ್ತೇರಿಯೊನ್ ಎಪಿಥೆಮಾ' ಎಂದು ಎರಡು ಪದ ಇಟ್ಟಿದ್ದಾನೆ. ಎಪಿಥೆಮಾ ಎಂದರೆ ಮುಚ್ಚಳ. ಹಿಲಸ್ತೇರಿಯೊನ್ ಅದಕ್ಕೆ ವಿಶೇಷಣ. ಮುಂದಿನ ವಚನಕ್ಕೆ ಬರುವಷ್ಟರಲ್ಲಿ ಮುಚ್ಚಳ ಬಿಟ್ಟುಹೋಗಿ ವಿಶೇಷಣವೇ ಆ ವಸ್ತುವಿನ ಹೆಸರಾಗಿದೆ. ಆಮೇಲೆ ಯಾಜಕಕಾಂಡ 16:14: ದೋಷಪರಿಹಾರಕ ದಿನದಂದು ಮಹಾಯಾಜಕನು ಹೋರಿಯ ರಕ್ತವನ್ನು ಬೆರಳಿನಿಂದ ಕೃಪಾಸನದ ಪೂರ್ವದಿಕ್ಕಿಗೆ ಚಿಮುಕಿಸಿ, ಅದರ ಮುಂದೆ ಏಳು ಸಾರಿ ಚಿಮುಕಿಸುತ್ತಾನೆ. ಪೌಲನ ವಾಕ್ಯದಲ್ಲೂ ಪದದ ಹತ್ತಿರದಲ್ಲೇ 'ರಕ್ತ' ಇದೆ ಎಂಬುದನ್ನು ಗುರುತು ಹಾಕಿಕೊಳ್ಳಿ.

ಇಷ್ಟಕ್ಕೇ ನಿಲ್ಲಿಸಬಾರದು, ಜಾರುವುದು ಇಲ್ಲೇ. ಯೆಹೆಜ್ಕೇಲ 43:14ರಲ್ಲಿ ಅದೇ ಪದ ಯಜ್ಞವೇದಿಯ ಅಂಚುಕಟ್ಟೆಗೆ ಬಂದಿದೆ. ಅಂದರೆ ಹಿಲಸ್ತೇರಿಯೊನ್ ಎಂದಲ್ಲೆಲ್ಲ ಕೃಪಾಸನ ಎಂದು ಬರೆದುಕೊಳ್ಳುವಂತಿಲ್ಲ. ತಿರುಗಿಸಿ ನೋಡಿದರೂ ಅಷ್ಟೇ: 1 ಪೂರ್ವಕಾಲವೃತ್ತಾಂತ 28:11ರ ಕಪ್ಪೋರೆತ್‌ಗೆ ಗ್ರೀಕಿನಲ್ಲಿ 'ಎಕ್ಸಿಲಸ್ಮೊಸ್' ಎಂಬ ಬೇರೆ ಪದವಿದೆ. ಹೀಬ್ರೂ, ಗ್ರೀಕ್ ಎರಡೂ ಕಡೆಯಿಂದ ಹುಡುಕಿದರೇ ಇದು ಕಣ್ಣಿಗೆ ಬೀಳುವುದು. ಬೈಬಲಿನ ಹೊರಗೆ, ಕೋಸ್ ದ್ವೀಪದ ಶಾಸನವೊಂದರಲ್ಲಿ, ಅಲ್ಲಿನ ಜನ ರೋಮನ್ ಚಕ್ರವರ್ತಿ ಅಗಸ್ಟಸ್‌ನ ಕ್ಷೇಮಕ್ಕಾಗಿ ದೇವತೆಗಳಿಗೆ ಅರ್ಪಿಸಿದ ಕಾಣಿಕೆಗೂ ಇದೇ ಹೆಸರು.

ಬೇರು ಹಿಡಿದು ಅರ್ಥ ಹೇಳುವ ಚಾಳಿಯಿಂದ ದೂರವಿರುವುದು ಒಳ್ಳೆಯದು. ಹಿಲರೊಸ್, ಅಂದರೆ 2 ಕೊರಿಂಥದವರಿಗೆ 9:7ರ ಸಂತೋಷದಿಂದ ಕೊಡುವವನ ವಿಶೇಷಣ, ಇದೇ ಬೇರಿನದು. ಹಾಗೆಂದು ಕೃಪಾಸನವನ್ನು 'ಸಂತೋಷದ ಆಸನ' ಮಾಡಿದರೆ ನಗೆಪಾಟಲು. ಪ್ರತ್ಯಯ ಮಾತ್ರ ನಿಜವಾಗಿ ನೆರವಿಗೆ ಬರುತ್ತದೆ: ಥೂಸಿಯಸ್ತೇರಿಯೊನ್ ಯಜ್ಞವೇದಿ, ದೆಸ್ಮೋತೇರಿಯೊನ್ ಸೆರೆಮನೆ. '-ತೇರಿಯೊನ್' ಹೀಗೆ ಸ್ಥಳವನ್ನೋ ಸಾಧನವನ್ನೋ ಸೂಚಿಸುತ್ತದೆ.

ಇನ್ನು ರೋಮಾಪುರದವರಿಗೆ 3:25. ಇಬ್ರಿಯರಿಗೆ 9:5ರಲ್ಲಿ ಪದದ ಮುಂದೆ ಇಂಗ್ಲಿಷಿನ the ಇದ್ದಂತೆ ನಿರ್ದೇಶಕ ಪದ 'ತೋ' ಇದೆ, ಇಲ್ಲಿ ಇಲ್ಲ. ಆದ್ದರಿಂದ ಇದು ಕೃಪಾಸನವಲ್ಲ ಎಂದು ವಾದಿಸುವವರಿದ್ದಾರೆ. ವಾದ ಅಷ್ಟು ಗಟ್ಟಿಯಲ್ಲ. 'ಇವನನ್ನು ಹೀಗೆಂದು ಮುಂದಿಟ್ಟನು' ಎಂಬ ರಚನೆಯಲ್ಲಿ ಗ್ರೀಕ್ ಅದನ್ನು ಸಾಮಾನ್ಯವಾಗಿ ಬಿಡುತ್ತದೆ. ಈ ಪದ ಹೇಳುವುದು ದೇವರ ಕೋಪಶಮನವನ್ನೋ ಪಾಪನಿವಾರಣೆಯನ್ನೋ ಎಂಬ ಹಳೆಯ ಜಗಳದಲ್ಲಿ ನಾನು ಒಂದನ್ನೇ ಆರಿಸಿಕೊಳ್ಳುವುದಿಲ್ಲ. ಅದೇ ಪತ್ರದ 1:18ರಿಂದಲೇ ದೇವರ ಕೋಪದ ಮಾತು ನಡೆದಿದೆ. ಯಾಜಕಕಾಂಡ 16ರಲ್ಲಿ ಅಶುದ್ಧತೆ ತೊಲಗುವುದೂ ಇದೆ. ಬೋಧಿಸುವಾಗ ಮೊದಲು ಕೃಪಾಸನ ಎಂದೇ ಹೇಳಿ, ವಿಮೋಚನಕಾಂಡ 25, ಯಾಜಕಕಾಂಡ 16 ಈ ಎರಡು ಅಧ್ಯಾಯಗಳನ್ನು ಓದಿಸಿ, ನಂತರವೇ ಜಗಳಕ್ಕೆ ಬರುತ್ತೇನೆ.