ಡಾಸ್ ಆಟಗಳಿಗೆ ಎಮ್ಯುಲೇಟರ್ ಆರಿಸಿದ್ದು ಹೀಗೆ: ನನ್ನ ಅನುಭವ

ವಿಂಡೋಸ್ ಬರುವ ಮೊದಲಿನ ಡಾಸ್ ಆಟಗಳಿಗೆಲ್ಲ ಹೊಂದುವ ಒಂದೇ ಎಮ್ಯುಲೇಟರ್ (ಹಳೆಯ ಕಂಪ್ಯೂಟರನ್ನು ಹೊಸದರೊಳಗೆ ನಕಲು ಮಾಡುವ ತಂತ್ರಾಂಶ) ಹುಡುಕುವುದನ್ನು ಬಿಟ್ಟ ಮೇಲೆಯೇ ನನ್ನ ಕೆಲಸ ಹಳಿಗೆ ಬಂದದ್ದು. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರ ನನ್ನ ರಿಪೇರಿ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ, ಯಾವುದೋ ಕಚೇರಿಯಿಂದ ಹರಾಜಿಗೆ ಬಂದಿದ್ದ ಪುಟ್ಟ ಡೆಸ್ಕ್‌ಟಾಪ್‌ನಲ್ಲಿ, ಈಗ ಐವತ್ತು ಅರುವತ್ತು ಹಳೆಯ ಆಟಗಳು ತಮ್ಮ ತಮ್ಮ ಕಾಲದ ವೇಗದಲ್ಲೇ ಓಡುತ್ತಿವೆ. "ಅಸಲಿ 486 ಕಂಪ್ಯೂಟರ್ ಇಲ್ಲದೆ ಆ ಹದ ಬರುವುದಿಲ್ಲ ಮಾರಾಯರೇ, ಸುಮ್ಮನೆ ಸಮಯ ಹಾಳು" ಎಂದಿದ್ದ ಹಂಪನಕಟ್ಟೆಯ ಸ್ನೇಹಿತರೊಬ್ಬರು ಮೊನ್ನೆ ಬಂದು ಎರಡು ಗಂಟೆ ಕುಳಿತು ಆಡಿದರು. ಹೋಗುವಾಗ ಆಟದ ವೇಗ, ಪರದೆ ಎಲ್ಲ ಹೊಂದಿಸುವ ಕಾನ್ಫಿಗ್ ಫೈಲುಗಳ ಪ್ರತಿ ಕೇಳಿದರು. ಅರ್ಧ ಕೊಟ್ಟಿದ್ದೇನೆ.

ಈ ಗೋಜಿಗೆ ನನ್ನನ್ನು ಎಳೆದದ್ದು ನನ್ನ ಭಾವ. ಬಹ್ರೇನಿನಲ್ಲಿ ಕೆಲಸ ಮಾಡಿ ಊರಿಗೆ ಮರಳಿದವರು. ಅಲ್ಲಿನ ಕಚೇರಿಯ 486ರಲ್ಲಿ ರಾತ್ರಿಪಾಳಿಯ ಬಿಡುವಿನಲ್ಲಿ ಮೈಕ್ರೋಪ್ರೋಸ್‌ನ ಫಾರ್ಮುಲಾ ಒನ್ ಗ್ರ್ಯಾನ್ ಪ್ರೀ ಆಡುತ್ತಿದ್ದರಂತೆ. ಜೆಫ್ ಕ್ರ್ಯಾಮಂಡ್ ಮಾಡಿದ, 1991ರ ಋತುವಿನ ಹದಿನಾರು ಟ್ರ್ಯಾಕ್‌ಗಳಿರುವ ಆಟ. ಅವರ ಲ್ಯಾಪ್‌ಟಾಪ್‌ಗೆ ಯಾರೋ ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರ್ ಹಾಕಿಕೊಟ್ಟಿದ್ದರು. ಆಟ ಓಡುತ್ತಿತ್ತು, ಆದರೆ ಭಾವನಿಗೆ ಒಪ್ಪಿಗೆಯಾಗಲಿಲ್ಲ. "ಇದು ಓಡುವ ಕಾರಲ್ಲ, ಹಿಂದಿನಿಂದ ಯಾರೋ ತಳ್ಳುವ ಕಾರು" ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು ಎಂದು ಗೊತ್ತಾಗುವಷ್ಟರಲ್ಲಿ ನನ್ನ ಕೈಯಿಂದ ಸಾಕಷ್ಟು ದುಡ್ಡು ಹೋಗಿತ್ತು.

ಮೊದಲು ಹೋದದ್ದು ಅಸಲಿ ಯಂತ್ರಕ್ಕೆ. ಮಂಗಳೂರಿನ ಬಂದರು ಕಡೆಯ ಗುಜರಿ ಅಂಗಡಿಯಲ್ಲಿ ಒಂದು 486 ಬೋರ್ಡ್ ಸಿಕ್ಕಿತು, ನಾಲ್ಕು ಸಾವಿರದ ಆಸುಪಾಸು ಕೊಟ್ಟೆ. ಕಿಲೋ ಲೆಕ್ಕದಲ್ಲಿ ಹೋಗುತ್ತಿದ್ದ ವಸ್ತುವಿಗೆ ಈಗ "ವಿಂಟೇಜ್" ಎಂಬ ಬೆಲೆ. ಬೋರ್ಡಿನ ಮೂಲೆಯಲ್ಲಿರುವ ನೀಲಿ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಎಂದೋ ಸೋರಿತ್ತು. ಕೀಬೋರ್ಡ್ ಕಂಟ್ರೋಲರ್ ಚಿಪ್ಪಿನ ಪಕ್ಕದ ತಾಮ್ರದ ಗೆರೆಗಳು ಹಸಿರು ಪುಡಿಯಾಗಿದ್ದವು. ವಿನೆಗರ್ ಹಾಕಿ ಉಜ್ಜಿ, ಐಪಿಎ ಎಂಬ ಆಲ್ಕೋಹಾಲಿನಲ್ಲಿ ತೊಳೆದು, ಕೂದಲಿನಷ್ಟು ತೆಳುವಾದ ಎನಾಮಲ್ ತಂತಿಯಿಂದ ಒಂದೊಂದೇ ಗೆರೆಯನ್ನು ಜೋಡಿಸಿದೆ. ಬೂಟ್ ಆಯಿತು. ಐಎಸ್‌ಎ ಎಂಬ ಹಳೆಯ ಸ್ಲಾಟಿನ ಸೌಂಡ್ ಕಾರ್ಡಿಗೆ ಮೂರೂವರೆ ಸಾವಿರ, ಹಾರ್ಡ್ ಡಿಸ್ಕ್ ಬದಲು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಮತ್ತು ಅಡಾಪ್ಟರ್, ಹಳೆಯ ಎಟಿ ಪವರ್ ಸಪ್ಲೈಗೆ ಹೊಸ ಕೆಪಾಸಿಟರ್‌ಗಳು. ಒಟ್ಟು ಹನ್ನೆರಡು ಹದಿಮೂರು ಸಾವಿರ ಆಗಿರಬೇಕು. ಬೇಸಿಗೆಯಲ್ಲಿ ಚೆನ್ನಾಗಿಯೇ ಓಡಿತು. ಆಟಿ ತಿಂಗಳ ಮಳೆ ಹಿಡಿದ ಮೇಲೆ ಒಂದು ದಿನ ಸೌಂಡ್ ಇಲ್ಲ, ಒಂದು ದಿನ ಪರದೆ ಇಲ್ಲ. ಕಡಲ ಗಾಳಿಯ ಉಪ್ಪಿಗೆ ಐಎಸ್‌ಎ ಸ್ಲಾಟಿನ ಸಂಪರ್ಕಗಳು ಕಪ್ಪಾಗುತ್ತವೆ. ಕಾರ್ಡು ಬಿಚ್ಚಿ, ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಬೇಕು. ಒಣಹವೆಯ ಊರಿನವರು ಅಸಲಿ ಯಂತ್ರ ಸಾಕಲಿ, ನಮ್ಮ ಕರಾವಳಿಗೆ ಅದು ಹೇಳಿ ಮಾಡಿಸಿದ್ದಲ್ಲ. ಬೋರ್ಡನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ.

ಆಮೇಲೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಬೋರ್ಡಿನ ಕಂಪ್ಯೂಟರಿನ ಪ್ರಯತ್ನ. 1990ರ ಆಚೀಚಿನ ಆಟಗಳಿಗೆ ಸಾಕಾಯಿತು, ಭಾರಿ ಆಟಗಳಿಗೆ ಉಸಿರುಗಟ್ಟಿತು. ಹಳೆಯ ಯಂತ್ರದ ಸರ್ಕ್ಯೂಟನ್ನೇ ಚಿಪ್ಪಿನೊಳಗೆ ಕಟ್ಟುವ ಮಿಸ್ಟರ್ ಎಫ್‌ಪಿಜಿಎ ಬಗ್ಗೆ ಮಣಿಪಾಲದ ಹುಡುಗನೊಬ್ಬ ಬಹಳ ಹೊಗಳಿದ. ಅವನ ಬಳಿ ಇರುವುದನ್ನು ನೋಡಿದೆ. 486ರಂತೆ ನಡೆಯುವ ಅದರ ಎಒ486 ಕೋರ್ ನಿಜಕ್ಕೂ ಚೆನ್ನಾಗಿದೆ. ಆದರೆ ಬೋರ್ಡು, ಮೆಮೊರಿ, ಕಸ್ಟಮ್ಸ್ ಎಲ್ಲ ಸೇರಿ ಅವನಿಗೆ ಮೂವತ್ತು ಸಾವಿರದ ಹತ್ತಿರ ತಗುಲಿತ್ತು. ಆ ದುಡ್ಡಿಗೆ ನಾನು ಮೂರು ಡೆಸ್ಕ್‌ಟಾಪ್ ತರುತ್ತೇನೆ. ಬ್ರೌಸರಿನಲ್ಲೇ ಆಡುವ ದಾರಿ ಗಿರಾಕಿಗಳ ಮಕ್ಕಳಿಗೆ ತೋರಿಸಲು ಒಳ್ಳೆಯದು. 2015ರಲ್ಲಿ ಇಂಟರ್ನೆಟ್ ಆರ್ಕೈವ್ ಸಾವಿರಾರು ಡಾಸ್ ಆಟಗಳನ್ನು ಹಾಗೆ ಇಟ್ಟಾಗ ನಾನೂ ಕುಣಿದಿದ್ದೆ. ಆದರೆ ಕೀಲಿ ಒತ್ತಿದ್ದಕ್ಕೂ ಪ್ರಿನ್ಸ್ ಆಫ್ ಪರ್ಷಿಯಾ ಆಟದ ಪ್ರಿನ್ಸ್ ಜಿಗಿಯುವುದಕ್ಕೂ ನಡುವೆ ಇರುವ ಆ ಸಣ್ಣ ವಿಳಂಬವನ್ನು ನನ್ನ ಬೆರಳು ಸಹಿಸುವುದಿಲ್ಲ.

86ಬಾಕ್ಸ್ ಎಂಬ ಇನ್ನೊಂದು ಎಮ್ಯುಲೇಟರಿನ ವಿಷಯಕ್ಕೆ ಬರೋಣ, ಏಕೆಂದರೆ ಯಾವುದು ಮೇಲು ಎಂಬ ಜಗಳ ಇರುವುದು ಅಲ್ಲೇ. ಅದು ಆಟವನ್ನಲ್ಲ, ಇಡೀ ಯಂತ್ರವನ್ನೇ ನಕಲು ಮಾಡುತ್ತದೆ: ಬಯೋಸ್, ಚಿಪ್‌ಸೆಟ್, ವಿಡಿಯೊ ಕಾರ್ಡು ಎಲ್ಲ. 486ರ ಡಿಎಕ್ಸ್2-66 ಪ್ರೊಸೆಸರ್ ಆರಿಸಿ, ಎಸ್3 ವಿಡಿಯೊ ಕಾರ್ಡು ಹಾಕಿ, ಡಾಸ್ 6.22 ಇನ್‌ಸ್ಟಾಲ್ ಮಾಡಿ, ಹೈಮೆಮ್, ಇಎಂಎಂ386 ಎಂಬ ಮೆಮೊರಿ ಡ್ರೈವರ್‌ಗಳನ್ನು ಹಾಕಿ ಹಿಂದಿನಂತೆಯೇ 640 ಕೆಬಿ ಮೆಮೊರಿಗಾಗಿ ಒದ್ದಾಡುವ ಸುಖವೂ ಉಂಟು. 486 ತನಕ ನನ್ನ ಡೆಸ್ಕ್‌ಟಾಪಿನ ಹಳೆಯ ಐ5 ಪ್ರೊಸೆಸರ್ ತಡೆದುಕೊಂಡಿತು. ಪೆಂಟಿಯಂ ಆರಿಸಿದರೆ ಕಿಟಕಿಯ ಮೇಲೆ ವೇಗ ತೋರಿಸುವ ಶೇಕಡಾವಾರು ನೂರರಿಂದ ಅರುವತ್ತು ಎಪ್ಪತ್ತಕ್ಕೆ ಬೀಳುತ್ತದೆ, ಸದ್ದು ತುಂಡು ತುಂಡಾಗುತ್ತದೆ. ವಿಂಡೋಸ್ 95 ಬೇಕೇ ಬೇಕು ಎನ್ನುವ ಆಟಗಳಿಗೆ, ವೂಡೂ ಎಂಬ 3ಡಿ ಗ್ರಾಫಿಕ್ಸ್ ಕಾರ್ಡ್ ಬೇಡುವ ಆಟಗಳಿಗೆ ಇದನ್ನು ಇಟ್ಟುಕೊಂಡಿದ್ದೇನೆ. ಡಿಗ್ಗರ್ ಆಡಲು 86ಬಾಕ್ಸ್ ತೆರೆಯುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಡಿಗ್ಗರ್ 1983ರ ಆಟ, ಸಿಜಿಎ ಎಂಬ ಆಗಿನ ವಿಡಿಯೊ ಕಾರ್ಡನ್ನೇ ಕೇಳುತ್ತದೆ; ಡಾಸ್‌ಬಾಕ್ಸ್‌ನ ಕಾನ್ಫಿಗ್ ಫೈಲಿನಲ್ಲಿ ಮಷೀನ್ ಸಾಲನ್ನು ಸಿಜಿಎ ಎಂದು ಬದಲಿಸಿದರೆ ಮುಗಿಯಿತು.

ಈಗ ಭಾವನ ಕಾರು. ಡಾಸ್‌ಬಾಕ್ಸ್ 0.74ರಲ್ಲಿ ನಕಲು ಪ್ರೊಸೆಸರಿನ ವೇಗ ಹೇಳುವ ಸೈಕಲ್ಸ್ ಸಾಲು ಆಟೊ ಎಂದಿರುತ್ತದೆ. ಪ್ರೊಸೆಸರನ್ನು ಹಳೆಯ ಕ್ರಮದಲ್ಲಿ ಬಳಸುವ ರಿಯಲ್ ಮೋಡಿನ ಆಟ ಬಂದರೆ ಅದು 3000ದಲ್ಲಿ ನಿಲ್ಲುತ್ತದೆ, ಹೊಸ ಕ್ರಮದ ಪ್ರೊಟೆಕ್ಟೆಡ್ ಮೋಡಿನ ಆಟವಾದರೆ ಗರಿಷ್ಠಕ್ಕೆ ಹಾರುತ್ತದೆ. ಗ್ರ್ಯಾನ್ ಪ್ರೀ ರಿಯಲ್ ಮೋಡಿನದು, ಆದ್ದರಿಂದ 3000. ಈ ಆಟದ ಗುಣ ಏನೆಂದರೆ, ಪ್ರೊಸೆಸರ್ ಸಾಲದಿದ್ದಾಗ ಅದು ಚೌಕಟ್ಟುಗಳನ್ನು (ಫ್ರೇಮ್) ಬಿಟ್ಟುಬಿಡುವುದಿಲ್ಲ, ತನ್ನ ಗಡಿಯಾರವನ್ನೇ ನಿಧಾನ ಮಾಡುತ್ತದೆ. ಹಾಗಾಗಿ ನೋಡಲು ಎಲ್ಲವೂ ಸರಿಯಾಗಿಯೇ ಇರುತ್ತದೆ. ಭಾವನನ್ನು ಮೊನ್ಜಾ ಟ್ರ್ಯಾಕ್‌ನಲ್ಲಿ ಓಡಿಸಲು ಬಿಟ್ಟು, ಗೆರೆ ದಾಟುವಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿದೆ. ಆಟ ತೋರಿಸಿದ ಲ್ಯಾಪ್ ಒಂದೂವರೆ ನಿಮಿಷದೊಳಗೆ, ನನ್ನ ಮೊಬೈಲಿನಲ್ಲಿ ಎರಡೂವರೆ ನಿಮಿಷ. ಓಡಿಸುತ್ತಿರುವಾಗ ಓ ಕೀಲಿ ಒತ್ತಿದರೆ ಪ್ರೊಸೆಸರ್ ಆಕ್ಯುಪೆನ್ಸಿ ಎಂಬ ಶೇಕಡಾವಾರು ಬರುತ್ತದೆ. ನೂರೆಂಬತ್ತರ ಸುತ್ತ ಇತ್ತು. ನೂರು ದಾಟಿತೆಂದರೆ ಆಟದ ಸೆಕೆಂಡು ನಮ್ಮ ಸೆಕೆಂಡಲ್ಲ.

ಕಂಟ್ರೋಲ್ ಎಫ್12 ಒತ್ತುತ್ತಾ ಸೈಕಲ್ಸ್ ಏರಿಸಿದೆ. ಎಂಟು ಸಾವಿರಕ್ಕೆ ನೇರ ರಸ್ತೆಯಲ್ಲಿ ಸರಿಯಾಯಿತು, ಆದರೆ ಇಪ್ಪತ್ತಾರು ಕಾರುಗಳು ಒಟ್ಟಿಗೆ ಹೊರಡುವ ಆರಂಭದಲ್ಲಿ ಮತ್ತೆ ನೂರು ಮೀರಿತು. ಇಪ್ಪತ್ತು ಸಾವಿರದ ಹತ್ತಿರ ಹೋದಾಗ ಆರಂಭದ ನೂಕುನುಗ್ಗಲಲ್ಲೂ ತೊಂಬತ್ತರೊಳಗೆ ನಿಂತಿತು. ಮ್ಯಾಕ್ಸ್ ಎಂದು ಬರೆದು ಕೈತೊಳೆದುಕೊಳ್ಳಬಹುದಲ್ಲ ಎಂದು ಕೇಳುತ್ತಾರೆ. ಬರೆದು ನೋಡಿ. ವಿಂಡೋಸ್ ಹಿನ್ನೆಲೆಯಲ್ಲಿ ಅಪ್‌ಡೇಟ್ ಶುರು ಮಾಡಿದಾಗ ಎಂಜಿನ್ನಿನ ಸದ್ದು ಕೆಮ್ಮುತ್ತದೆ, ಫ್ಯಾನ್ ಬೊಬ್ಬೆ ಹೊಡೆಯುತ್ತದೆ. ಸಂಖ್ಯೆಯನ್ನು ಕಟ್ಟಿಹಾಕಿದರೆ ಆ ಕಾಟವಿಲ್ಲ. ಭಾವ ಮೊದಲ ತಿರುವಿನಲ್ಲೇ ಹುಲ್ಲಿಗೆ ಹೋದರು. "ಹಾಂ, ಇದೇ, ಇದೇ" ಎಂದರು.

ಅಲ್ಲಿಂದ ನನ್ನ ಲೆಕ್ಕಾಚಾರ ಬದಲಾಯಿತು. ಯಾವ ಎಮ್ಯುಲೇಟರ್ ಎಂಬುದು ಎರಡನೆಯ ಪ್ರಶ್ನೆ. ಆಟ ಸಮಯವನ್ನು ಯಾವುದರಿಂದ ಅಳೆಯುತ್ತದೆ ಎಂಬುದು ಮೊದಲನೆಯದು. ವಿಂಗ್ ಕಮಾಂಡರ್ ಪ್ರೊಸೆಸರಿನ ವೇಗದ ಮೇಲೆಯೇ ಓಡುತ್ತದೆ, 486ರಲ್ಲೇ ಅದು ಕೈಗೆ ಸಿಗುತ್ತಿರಲಿಲ್ಲ. ಅಂಥದ್ದಕ್ಕೆ ಕಡಿಮೆ, ಕಟ್ಟಿಹಾಕಿದ ಸಂಖ್ಯೆ ಬೇಕು. ನನ್ನ ಸಂಖ್ಯೆಯನ್ನು ಇಲ್ಲಿ ಹೇಳುವುದಿಲ್ಲ, ಅದಕ್ಕಾಗಿ ಒಂದು ಮಳೆಗಾಲ ಕಳೆದಿದ್ದೇನೆ. ಪ್ರಿನ್ಸ್ ಆಫ್ ಪರ್ಷಿಯಾ ಕಂಪ್ಯೂಟರಿನ ಟೈಮರ್ ಚಿಪ್ಪನ್ನು ನಂಬುತ್ತದೆ, ಡೂಮ್ ಸೆಕೆಂಡಿಗೆ 35 ಚೌಕಟ್ಟು ಮೀರುವುದಿಲ್ಲ. ಇವಕ್ಕೆ ಬೇಕಾದಷ್ಟು ಕೊಟ್ಟು ಮರೆತುಬಿಡಬಹುದು. ಜ್ಯಾಝ್ ಜ್ಯಾಕ್‌ರ‍್ಯಾಬಿಟ್ ತದ್ವಿರುದ್ಧ: ಟರ್ಬೊ ಪ್ಯಾಸ್ಕಲ್ ಭಾಷೆಯಲ್ಲಿ ಬರೆದದ್ದು, ವೇಗ ಹೆಚ್ಚಾದರೆ ರನ್‌ಟೈಮ್ ಎರರ್ 200 ಎಂದು ಬಾಗಿಲಲ್ಲೇ ಬಿದ್ದುಬಿಡುತ್ತದೆ. ಡೂಮ್‌ನ ಸೋರ್ಸ್ 1997ರಲ್ಲೇ ಹೊರಬಂದಿರುವುದರಿಂದ ಅದಕ್ಕೆ ಎಮ್ಯುಲೇಟರೇ ಬೇಡ, ಆ ಸೋರ್ಸಿನಿಂದ ಈಗಿನ ಕಂಪ್ಯೂಟರಿಗೆಂದು ಮಾಡಿದ ಚಾಕೊಲೇಟ್ ಡೂಮ್ ಹಾಕಿದ್ದೇನೆ. ಮೌಸ್ ಒತ್ತಿ ಒಗಟು ಬಿಡಿಸುವ ಸಾಹಸದ ಆಟಗಳೆಲ್ಲ ಅವಕ್ಕೆಂದೇ ಇರುವ ಸ್ಕಮ್‌ವಿಎಂ ತಂತ್ರಾಂಶಕ್ಕೆ. ಪ್ರಿನ್ಸ್‌ಗೂ ಎಸ್‌ಡಿಎಲ್‌ಪಿಒಪಿ ಎಂಬ ಅಂಥದೇ ಹೊಸ ರೂಪ ಇದೆ, ನಡುವೆ ಸೇವ್ ಮಾಡಬಹುದು. ಮಕ್ಕಳಿಗೆ ಅದು ಇರಲಿ. ಆಟ ಮುಗಿಸಲು ಕೊಡುವುದು ಅರುವತ್ತು ನಿಮಿಷ; ನನಗೆ ಅರುವತ್ತು ನಿಮಿಷ ಎಂದರೆ ಅರುವತ್ತು ನಿಮಿಷ.

ಉಳಿದದ್ದೆಲ್ಲ ಡಾಸ್‌ಬಾಕ್ಸ್‌ನ ಹೊಸ ಕವಲಾದ ಡಾಸ್‌ಬಾಕ್ಸ್ ಸ್ಟೇಜಿಂಗ್‌ನಲ್ಲಿ. ಎಲ್ಲಕ್ಕೂ ಒಂದು ಸಾಮಾನ್ಯ ಫೈಲು, ಪ್ರತಿ ಆಟದ ಫೋಲ್ಡರಿನಲ್ಲಿ ಐದಾರು ಸಾಲಿನ ಇನ್ನೊಂದು ಫೈಲು. ಮುನ್ನೂರು ಸಾಲಿನ ಕಾನ್ಫಿಗ್ ಫೈಲನ್ನು ಆಟಕ್ಕೊಂದರಂತೆ ನಕಲು ಮಾಡಿ ಇಟ್ಟವರನ್ನು ನೋಡಿದ್ದೇನೆ. ಅವರಿಗೆ ಬೇರೆ ಕೆಲಸವಿಲ್ಲ.

ಪರದೆಯ ಬಗ್ಗೆ ಯಾರೂ ಮಾತನಾಡುವುದಿಲ್ಲ, ಅರ್ಧ ಹದ ಇರುವುದೇ ಅಲ್ಲಿ. ವಿಜಿಎ ಎಂಬ ಆಗಿನ ವಿಡಿಯೊ ಪದ್ಧತಿಯ 320 ಗುಣಿಸು 200 ಚುಕ್ಕೆಗಳ ಮೋಡ್ ಸೆಕೆಂಡಿಗೆ 70 ಬಾರಿ ಪರದೆ ಬರೆಯುತ್ತದೆ. ಈಗಿನ 60 ಹರ್ಟ್ಸ್ ಮಾನಿಟರಿನಲ್ಲಿ ಪಕ್ಕಕ್ಕೆ ಸರಿಯುವ ಚಿತ್ರ ಅಲ್ಲಲ್ಲಿ ಮುಗ್ಗರಿಸುತ್ತದೆ. ನಾನು ಹಳೆಯ 17 ಇಂಚಿನ ಎಲ್‌ಸಿಡಿ ತಂದೆ, 1280 ಗುಣಿಸು 1024, ವಿಜಿಎ ಕೇಬಲಿನದು, ಸಾವಿರದ ಇನ್ನೂರೋ ಏನೋ. ಅದು 75 ಹರ್ಟ್ಸ್ ತನಕ ಒಪ್ಪುತ್ತದೆ, ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ 70 ಎಂದು ಕೈಯಾರೆ ಸೇರಿಸಿದೆ. ಮುಗ್ಗರಿಕೆ ನಿಂತಿತು. ಕಾನ್ಫಿಗ್‌ನಲ್ಲಿ ಚಿತ್ರದ ಅಗಲ ಎತ್ತರದ ಪ್ರಮಾಣ ಸರಿಪಡಿಸುವ ಆಸ್ಪೆಕ್ಟ್ ಸಾಲು ಟ್ರೂ ಇರಲೇಬೇಕು. ಆಗಿನ ಮಾನಿಟರ್ 4:3 ಆಗಿದ್ದರಿಂದ ಆ ಚುಕ್ಕೆಗಳು ಅಗಲಕ್ಕಿಂತ ಎತ್ತರ ಹೆಚ್ಚು. ತಿದ್ದದಿದ್ದರೆ ಪ್ರಿನ್ಸ್ ಕುಳ್ಳನಾಗಿ ಕಾಣುತ್ತಾನೆ.

ಇದರ ನಡುವೆ ಭಾವನ ಫ್ಲಾಪಿಗಳ ಗೂಡು ಬಿಚ್ಚಿಕೊಂಡಿತು. ಮೂರೂವರೆ ಇಂಚಿನವು, ಅಟ್ಟದಲ್ಲಿ ಇಟ್ಟದ್ದು, ಬೂಷ್ಟು ಹಿಡಿದಿತ್ತು. ಶಟರ್ ಸರಿಸಿದರೆ ಕಂದು ತಟ್ಟೆಯ ಮೇಲೆ ಬೆಳ್ಳಗಿನ ಚಿಕ್ಕ ಚಿಕ್ಕ ವೃತ್ತಗಳು. ಹಾಗೆಯೇ ಡ್ರೈವಿಗೆ ಹಾಕಿದರೆ ಡಿಸ್ಕೂ ಹೋಗುತ್ತದೆ, ಹೆಡ್ಡೂ ಹೋಗುತ್ತದೆ. ಪ್ಲಾಸ್ಟಿಕ್ ಕವಚ ಬಿಡಿಸಿ, ತಟ್ಟೆಯನ್ನು ಹೊರತೆಗೆದು ಒರೆಸಿ, ಬೇರೆ ಒಳ್ಳೆಯ ಕವಚಕ್ಕೆ ಹಾಕಿ ಒಮ್ಮೆ ಓದಿಸಿ ಇಮೇಜ್ ಮಾಡಿಕೊಳ್ಳುವುದು ನನ್ನ ಕ್ರಮ. ಒರೆಸುವುದಕ್ಕೆ ಐಪಿಎ ಎಂದು ಎಲ್ಲರೂ ಹೇಳುತ್ತಾರೆ, ನಾನು ಅದಕ್ಕೂ ಮುಂಚೆ ಇನ್ನೊಂದು ಮಾಡುತ್ತೇನೆ. ಮುಕ್ಕಾಲು ಪಾಲು ಡಿಸ್ಕುಗಳು ಉಳಿದವು ಎಂದಷ್ಟೇ ಹೇಳಬಲ್ಲೆ.

ಹವ್ಯಾಸಕ್ಕೆ ಸುರಿದ ದುಡ್ಡು ಮರಳಿದ್ದು ಆಟದಿಂದಲ್ಲ, ಗೇರುಬೀಜದಿಂದ. ಹತ್ತಿರದ ಗೇರುಬೀಜ ಕಾರ್ಖಾನೆಯೊಂದರಲ್ಲಿ ಕೂಲಿಯ ಲೆಕ್ಕ ಇನ್ನೂ ಡಾಸ್‌ನ ಫಾಕ್ಸ್‌ಪ್ರೊ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿತ್ತು. ಹೊಸ ಕಂಪ್ಯೂಟರ್ 64 ಬಿಟ್ ವಿಂಡೋಸಿನದು, ಅದರಲ್ಲಿ 16 ಬಿಟ್ ಪ್ರೋಗ್ರಾಂ ಏಳುವುದೇ ಇಲ್ಲ. ಹೊಸ ಸಾಫ್ಟ್‌ವೇರಿಗೆ ಯಾರೋ ಎಂಬತ್ತು ಸಾವಿರ ಹೇಳಿದ್ದರಂತೆ. ನಾನು ಡಾಸ್‌ಬಾಕ್ಸ್‌ನ ಇನ್ನೊಂದು ಕವಲಾದ ಡಾಸ್‌ಬಾಕ್ಸ್ ಎಕ್ಸ್ ಹಾಕಿ, ಪ್ರಿಂಟರ್ ಜೋಡಿಸಿಕೊಟ್ಟು ಎಂಟು ಸಾವಿರ ತೆಗೆದುಕೊಂಡೆ. ಮೂಲ ಡಾಸ್‌ಬಾಕ್ಸ್ ಆಟಗಳಿಗೆಂದೇ ಮಾಡಿದ್ದು, ಪ್ರಿಂಟರ್ ಅದರ ಕೆಲಸವಲ್ಲ. ಲೆಕ್ಕದ ಫೈಲಿಗೆ ದಿನಾ ಬ್ಯಾಕಪ್ ಇಡಲು ಗುಮಾಸ್ತರಿಗೆ ಎರಡು ಸಲ ಹೇಳಿದ್ದೇನೆ, ಇಡುತ್ತಿಲ್ಲ.

ಈಗಿನ ಸೆಟ್ಟಿಗೆ ಒಟ್ಟು ಖರ್ಚು: ಡೆಸ್ಕ್‌ಟಾಪ್ ಒಂಬತ್ತು ಸಾವಿರ, ಮಾನಿಟರ್, ಒಂದು ಗಟ್ಟಿಮುಟ್ಟಾದ ಪಿಎಸ್2 (ಹಳೆಯ ದುಂಡು ಪಿನ್ನಿನ) ಕೀಬೋರ್ಡು, ಸಣ್ಣ ಸ್ಪೀಕರ್. ಹನ್ನೊಂದೂವರೆ ಸಾವಿರ ಮೀರಿಲ್ಲ. ಕೀಬೋರ್ಡ್ ವಿಷಯದಲ್ಲಿ ಜಿಪುಣತನ ಬೇಡ. ಅಗ್ಗದ ಯುಎಸ್‌ಬಿಯಲ್ಲಿ ಮೂರು ಕೀಲಿ ಒಟ್ಟಿಗೆ ಒತ್ತಿದರೆ ಒಂದು ನುಂಗಿಹೋಗುತ್ತದೆ, ಇಬ್ಬರು ಆಡುವ ಆಟಗಳಲ್ಲಿ ಅದೇ ಜಗಳಕ್ಕೆ ಕಾರಣ. ಮುಂದಿನ ಕಣ್ಣು 1600 ಗುಣಿಸು 1200ರ ಹಳೆಯ 20 ಇಂಚಿನ ಮಾನಿಟರಿನ ಮೇಲೆ. 320ರ ಐದು ಪಟ್ಟು, 200ರ ಆರು ಪಟ್ಟು ಸರಿಯಾಗಿ ಕೂರುತ್ತದೆ, ಒಂದು ಚುಕ್ಕೆಯೂ ಮಸುಕಾಗುವುದಿಲ್ಲ. ಕಂಕನಾಡಿಯ ಒಬ್ಬರ ಬಳಿ ಇದೆ. ಅವರು ಆರು ಸಾವಿರ ಎನ್ನುತ್ತಾರೆ, ನಾನು ಮೂರೂವರೆಯಲ್ಲಿ ನಿಂತಿದ್ದೇನೆ.